ಗೆಣ್ಣಿದ್ದರೆ ಗಿಡ

ಮುಂಗಾರು ಹಿಡಿದರೆ ಸಾಕು, ನಮ್ಮ ಬೀದಿಗಳಲ್ಲಿ ಗಿಡದ ಕಡ್ಡಿಗಳು ಕಾಂಪೌಂಡು ದಾಟತೊಡಗುತ್ತವೆ. "ಆಂಟಿ, ನಿಮ್ಮ ಕ್ರೋಟನ್‌ದು ಒಂದು ಕಡ್ಡಿ ಕೊಡ್ತೀರಾ?" ಎಂದು ಕೇಳಿದವರಿಗೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ಮನಿ ಪ್ಲಾಂಟ್, ದೊಡ್ಡಪತ್ರೆ, ಕೋಲಿಯಸ್, ಬ್ರಹ್ಮಕಮಲ, ಸ್ನೇಕ್ ಪ್ಲಾಂಟ್ ಇವೆಲ್ಲ ಎಷ್ಟೋ ಮನೆಗಳಿಗೆ ಹೀಗೆ ಕೈಯಿಂದ ಕೈಗೆ ಬಂದವೇ. ಕಡ್ಡಿಯ ಜೊತೆಗೆ ಅದನ್ನು ನೆಡುವ ಬಗೆಯ ಮಾತೂ ಬರುತ್ತದೆ. ಅದರಲ್ಲಿ ಕೆಲವು ಹಿರಿಯರ ಅನುಭವ, ಕೆಲವು ಬರೀ ನಂಬಿಕೆ. ಈಚೆಗೆ ಇವುಗಳ ಜೊತೆ ಮೊಬೈಲಿನ ಒಂದು ನಿಮಿಷದ ವಿಡಿಯೊಗಳೂ ಸೇರಿಕೊಂಡಿವೆ. ನೆಟ್ಟದ್ದು ಸತ್ತಾಗ ಮಾತ್ರ ಜನ ತಮ್ಮ ಕೈಯನ್ನೇ ದೂರಿಕೊಳ್ಳುತ್ತಾರೆ. ನನಗೆ ಬೇಸರವಾಗುವುದು ಅಲ್ಲಿ. ತುಂಡು ಗಿಡವಾಗಬೇಕಾದರೆ ಅದರಲ್ಲಿ ಚಿಗುರೊಡೆಯುವ ಮೊಗ್ಗು ಇರಬೇಕು, ಇಲ್ಲವೇ ಹೊಸದಾಗಿ ಹುಟ್ಟಬೇಕು; ಬೇರು ಬರುವ ತನಕ ಅದು ಒಣಗಬಾರದು, ಕೊಳೆಯಲೂಬಾರದು. ಹೆಚ್ಚಿನ ಸೋಲುಗಳೆಲ್ಲ ಇಷ್ಟನ್ನು ಮರೆತದ್ದರಿಂದಲೇ ಆಗುತ್ತವೆ.

ತಪ್ಪು ಕಲ್ಪನೆ: ಒಂದು ಎಲೆ ಕಿತ್ತು ನೀರಿಗಿಟ್ಟರೆ ಮನಿ ಪ್ಲಾಂಟ್ ಬರುತ್ತದೆ.

ವಾಸ್ತವ: ಬೇರು ಬರುತ್ತದೆ, ಗಿಡ ಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ತೊಟ್ಟಿನ ಸಮೇತ ಕಿತ್ತ ಎಲೆಯನ್ನು ಲೋಟದ ನೀರಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ತೊಟ್ಟಿನ ಬುಡದಲ್ಲಿ ಬಿಳಿ ಬೇರು ಕಾಣಿಸಬಹುದು. ಎಲೆಯೂ ಹಸಿರಾಗಿ, ಗಟ್ಟಿಯಾಗಿ ಇರುತ್ತದೆ. ಮಣ್ಣಿಗೆ ಹಾಕಿದರೂ ಹಾಗೇ ಇರುತ್ತದೆ. ಆದರೆ ವರ್ಷ ಕಳೆದರೂ ಎರಡನೆಯ ಎಲೆ ಬರುವುದಿಲ್ಲ. ಹೊಸ ಚಿಗುರು ಹುಟ್ಟಿಸುವ ಮೊಗ್ಗು ಆ ತೊಟ್ಟಿನಲ್ಲಿ ಇಲ್ಲವೇ ಇಲ್ಲ.

ಮೊಗ್ಗು ಇರುವುದು ಗೆಣ್ಣಿನಲ್ಲಿ. ಮನಿ ಪ್ಲಾಂಟಿನ ಬಳ್ಳಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲೆಯ ತೊಟ್ಟು ಬಳ್ಳಿಯನ್ನು ಸೇರುವ ಜಾಗದಲ್ಲಿ ಉಂಗುರದಂಥ ಗೆರೆಯಿದೆ. ಅದರ ಪಕ್ಕದಲ್ಲೇ ಕಂದು ಬಣ್ಣದ, ಕೈಗೆ ಒರಟಾಗಿ ಸಿಗುವ ಪುಟ್ಟ ಮೊಳೆ. ಅದು ಗಾಳಿಬೇರಿನ ತುದಿ. ನೀರು ತಾಗಿದರೆ ಉದ್ದವಾಗುತ್ತದೆ. ತೊಟ್ಟಿನ ಕಂಕುಳಲ್ಲಿ ಅವಿತಿರುವ ಮೊಗ್ಗು ಚಿಗುರಾಗುತ್ತದೆ. ಗೆಣ್ಣಿನಿಂದ ಅರ್ಧ ಇಂಚು ಕೆಳಗೆ ಕತ್ತರಿಸಿ, ಗೆಣ್ಣು ನೀರಿನಲ್ಲಿ ಮುಳುಗುವಂತೆ, ಎಲೆ ನೀರಿನ ಮೇಲಿರುವಂತೆ ಇಟ್ಟರೆ ಕೆಲಸ ಮುಗಿಯಿತು. ಎಲೆಯಿಲ್ಲದ ಗೆಣ್ಣಿನ ತುಂಡಾದರೂ ಗಿಡವಾದೀತು, ಗೆಣ್ಣಿಲ್ಲದ ಎಲೆ ಆಗಲಾರದು.

"ಹಾಗಾದರೆ ಬ್ರಹ್ಮಕಮಲ ಎಲೆಯಿಂದಲೇ ಬರುತ್ತಲ್ಲ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಈ ಗಿಡ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಕಳ್ಳಿಜಾತಿ. ಅದರಲ್ಲಿ ನಾವು ಎಲೆ ಎನ್ನುವುದು ಚಪ್ಪಟೆಯಾದ ಕಾಂಡ. ಅಂಚಿನ ಒಂದೊಂದು ಕಚ್ಚಿನಲ್ಲೂ ಮೊಗ್ಗು ಅಡಗಿದೆ. ಹೂವು ಆ ಅಂಚಿನಿಂದಲೇ ಇಳಿಬೀಳುವುದನ್ನು ಎಲ್ಲರೂ ನೋಡಿರುತ್ತೇವೆ. ನಿಜವಾದ ಎಲೆಯಾಗಿದ್ದರೆ ಅದರ ಅಂಚಿನಲ್ಲಿ ಹೂ ಬಿಡುತ್ತಿರಲಿಲ್ಲ.

ನಿಜವಾದ ಎಲೆಯಿಂದಲೇ ಹೊಸ ಗಿಡ ಹುಟ್ಟಿಸುವ ಜಾತಿಗಳೂ ಉಂಟು. ರೆಕ್ಸ್ ಬಿಗೋನಿಯಾದ ಎಲೆಯ ನರವನ್ನು ಕತ್ತರಿಸಿ ತೇವದ ಮರಳಿನ ಮೇಲೆ ಹಾಸಿದರೆ, ಕತ್ತರಿಸಿದಲ್ಲೆಲ್ಲ ಮರಿಗಿಡಗಳು ಏಳುತ್ತವೆ. ಕಾಡುಬಸಳೆ ಎಲೆಯ ಅಂಚಿನಲ್ಲಿ ಸಾಲಾಗಿ ಮರಿ ಹಾಕುವುದನ್ನು ಶಾಲೆಯಲ್ಲಿ ಓದಿದ್ದೇವೆ. ಝಡ್‌ಝಡ್ ಪ್ಲಾಂಟಿನ ಎಲೆ ಮೊದಲು ಮಣ್ಣಿನೊಳಗೆ ಚಿಕ್ಕ ಗಡ್ಡೆ ಕಟ್ಟಿಕೊಂಡು, ತಿಂಗಳುಗಳ ನಂತರ ಚಿಗುರುತ್ತದೆ. ಯಾವ ಗಿಡದ ಮೊಗ್ಗು ಎಲ್ಲಿದೆ ಎಂದು ತಿಳಿದುಕೊಂಡೇ ಕತ್ತರಿ ಕೈಗೆತ್ತಿಕೊಳ್ಳಬೇಕು.

ತಪ್ಪು ಕಲ್ಪನೆ: ಕದ್ದು ತಂದ ಮನಿ ಪ್ಲಾಂಟ್ ಮಾತ್ರ ಚೆನ್ನಾಗಿ ಬೆಳೆಯುತ್ತದೆ.

ವಾಸ್ತವ: ಕೇಳಿ ತಂದದ್ದೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ. ಕದಿಯುವವರ ಕಣ್ಣು ಬೀಳುವುದು ಸೊಂಪಾಗಿ ಹಬ್ಬಿದ ಬಳ್ಳಿಯ ಮೇಲೆ. ಅವಸರದಲ್ಲಿ ಕೈಗೆ ಸಿಗುವುದು ಎಳೆಯ ತುದಿ, ಅದರಲ್ಲಿ ಎರಡು ಮೂರು ಗೆಣ್ಣು ಇದ್ದೇ ಇರುತ್ತವೆ. ಅದು ಬದುಕದೆ ಏನು ಮಾಡೀತು? ಈ ಗಿಡದ ಮೂಲ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ ಮೊರೇಯಾ ದ್ವೀಪ. ಬೆಳೆಸಿದ ಕಡೆಯಲ್ಲೆಲ್ಲ ಇದು ಹೂ ಬಿಡುವುದು ಬಲು ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೂವಿಲ್ಲದ ಮೇಲೆ ಬೀಜವೆಲ್ಲಿಂದ? ಮನುಷ್ಯರು ತುಂಡು ಮಾಡಿ ಒಬ್ಬರಿಗೊಬ್ಬರು ಕೊಟ್ಟದ್ದರಿಂದಲೇ ಅದು ಮನೆಮನೆಯನ್ನೂ ತಲುಪಿದೆ. ಕೇಳಿದರೆ ಕೊಡುವ ಗಿಡವನ್ನು ಕದಿಯುವ ಅಗತ್ಯವೇ ಇಲ್ಲ.

ತಪ್ಪು ಕಲ್ಪನೆ: ತುಂಡು ಉದ್ದವಾಗಿದ್ದಷ್ಟೂ, ಎಲೆ ಹೆಚ್ಚಿದ್ದಷ್ಟೂ ಒಳ್ಳೆಯದು.

ವಾಸ್ತವ: ಎಲೆಗಳು ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತವೆ, ಅದನ್ನು ತುಂಬಿಕೊಡಲು ತುಂಡಿಗೆ ಬೇರಿಲ್ಲ. ನಾಲ್ಕರಿಂದ ಆರು ಇಂಚಿನ ತುಂಡು, ಮೇಲೆ ಎರಡು ಮೂರು ಎಲೆ ಸಾಕು. ಕ್ರೋಟನ್, ದಾಸವಾಳದಂಥ ದೊಡ್ಡ ಎಲೆಗಳನ್ನು ಅಡ್ಡಕ್ಕೆ ಅರ್ಧ ಕತ್ತರಿಸಿದರೂ ನಡೆಯುತ್ತದೆ. ಮೇಲೊಂದು ಪ್ಲಾಸ್ಟಿಕ್ ಕವರು ಅಥವಾ ಬುಡ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿದರೆ ಸುತ್ತಲಿನ ಗಾಳಿ ತೇವವಾಗಿರುತ್ತದೆ. ಮೃಗಶಿರಾ, ಆರಿದ್ರಾ ಮಳೆಯ ದಿನಗಳಲ್ಲಿ ಕಡ್ಡಿ ನೆಡಬೇಕೆಂದು ಹಿರಿಯರು ಹೇಳುವುದಕ್ಕೆ ಇದೇ ಕಾರಣ. ಆಗ ಗಾಳಿಯಲ್ಲೇ ತೇವವಿರುತ್ತದೆ, ಕವರು ಬೇಕಾಗುವುದಿಲ್ಲ.

ತಪ್ಪು ಕಲ್ಪನೆ: ಕಡ್ಡಿ ಚಿಗುರಿತು, ಅಂದರೆ ಬೇರು ಬಿಟ್ಟಿತು.

ವಾಸ್ತವ: ಗುಲಾಬಿ, ದಾಸವಾಳ ನೆಡುವವರನ್ನು ಇದರಷ್ಟು ನಿರಾಸೆಗೊಳಿಸುವುದು ಬೇರೊಂದಿಲ್ಲ. ನೆಟ್ಟ ಹತ್ತು ಹನ್ನೆರಡು ದಿನಗಳಲ್ಲಿ ಕಡ್ಡಿಯ ಮೇಲಿನ ಮೊಗ್ಗು ಒಡೆದು, ಕೆಂಪು ಛಾಯೆಯ ಪುಟ್ಟ ಎಲೆಗಳು ಬಿಚ್ಚಿಕೊಳ್ಳುತ್ತವೆ. ಮನೆಯವರೆಲ್ಲ ಸಂಭ್ರಮಪಡುತ್ತಾರೆ. ಕುಂಡವನ್ನು ನೆರಳಿನಿಂದ ಬಿಸಿಲಿಗೆ ತರುತ್ತಾರೆ, ಒಂದು ಹಿಡಿ ಗೊಬ್ಬರವನ್ನೂ ಹಾಕುತ್ತಾರೆ. ಮೂರನೆಯ ವಾರದ ಹೊತ್ತಿಗೆ ಚಿಗುರು ಜೋತುಬಿದ್ದು ಕಪ್ಪಾಗುತ್ತದೆ.

ಮೊದಲ ಚಿಗುರಿಗೆ ಬೇರು ಬೇಕಾಗಿಲ್ಲ. ಬಲಿತ ಕಡ್ಡಿಯೊಳಗೆ ಪಿಷ್ಟ ಸಂಗ್ರಹವಾಗಿರುತ್ತದೆ, ಮೊಗ್ಗು ಅದನ್ನೇ ಉಂಡು ಏಳುತ್ತದೆ. ಆ ಸಂಗ್ರಹ ಮುಗಿಯುವ ಮೊದಲು ಬೇರು ಬಂದರೆ ಗಿಡ ಉಳಿಯಿತು, ಇಲ್ಲವಾದರೆ ಇಲ್ಲ. ಬಿಸಿಲಿಗೆ ತಂದರೆ ಎಲೆಯಿಂದ ಹೋಗುವ ನೀರು ಇನ್ನಷ್ಟು ಹೆಚ್ಚುತ್ತದೆ. ಬೇರೇ ಇಲ್ಲದ ಕಡ್ಡಿಗೆ ಗೊಬ್ಬರದಿಂದ ಲಾಭವಿಲ್ಲ. ಅದರ ಲವಣಾಂಶ ಕತ್ತರಿಸಿದ ತುದಿಯನ್ನು ಸುಡಬಹುದು. ಹಾಗಾಗಿ ಚಿಗುರು ಕಂಡ ದಿನ ಏನೂ ಮಾಡದಿರುವುದೇ ಸರಿ. ಗಟ್ಟಿ ಕಡ್ಡಿಗಳಿಗೆ ಬೇರು ಬರಲು ಸಾಮಾನ್ಯವಾಗಿ ಮೂರರಿಂದ ಆರು ವಾರ ಬೇಕು. ದಿನಕ್ಕೊಮ್ಮೆ ಕಿತ್ತು ನೋಡಿದರೆ, ಆಗಷ್ಟೇ ಹೊರಟ ಎಳೆ ಬೇರು ಮುರಿದುಹೋಗುತ್ತದೆ. ಮೊದಲ ಎಲೆಗಳ ಮೇಲೆ ಮತ್ತೊಂದು ಸುತ್ತು ಎಲೆ ಬಂದು, ಅವು ಪೂರಾ ಗಾತ್ರಕ್ಕೆ ಬೆಳೆದರೆ, ಅಥವಾ ಕುಂಡದ ತಳದ ತೂತಿನಲ್ಲಿ ಬೇರು ಇಣುಕಿದರೆ, ಆಗ ನಂಬಬಹುದು.

ತಪ್ಪು ಕಲ್ಪನೆ: ಜೇನುತುಪ್ಪ, ಚಕ್ಕೆಪುಡಿ, ಎಳನೀರು, ಆಲೂಗಡ್ಡೆ ಇವೆಲ್ಲ ಮನೆಯಲ್ಲೇ ಸಿಗುವ ಬೇರಿನ ಔಷಧ.

ವಾಸ್ತವ: ಬೇರು ಹುಟ್ಟಿಸುವ ಮುಖ್ಯ ಹಾರ್ಮೋನು ಆಕ್ಸಿನ್. ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ 1928ರಲ್ಲಿ ಓಟ್ಸ್ ಮೊಳಕೆಯ ತುದಿಯಿಂದ ಅದನ್ನು ಬೇರ್ಪಡಿಸಿ ತೋರಿಸಿದ. ಅದೇ ಗುಂಪಿನ ಐಬಿಎ ಎಂಬ ವಸ್ತುವಿನಿಂದ ಬೇರು ಬರಿಸಬಹುದೆಂದು 1930ರ ದಶಕದಲ್ಲಿ ಗೊತ್ತಾಯಿತು. ಇಂದು ನರ್ಸರಿಯಲ್ಲಿ ಸಿಗುವ ರೂಟಿಂಗ್ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಗಿಡವೂ ತನ್ನ ಚಿಗುರಿನ ತುದಿಯಲ್ಲಿ ಆಕ್ಸಿನ್ ತಯಾರಿಸಿ ಕೆಳಕ್ಕೆ ಕಳಿಸುತ್ತದೆ. ಕತ್ತರಿಸಿದ ತುಂಡಿನ ಬುಡದಲ್ಲಿ ಅದು ಮುಂದೆ ಹೋಗಲು ದಾರಿಯಿಲ್ಲದೆ ಶೇಖರವಾಗಿ, ಅಲ್ಲೇ ಬೇರು ಹುಟ್ಟಿಸುತ್ತದೆ. ಮನಿ ಪ್ಲಾಂಟ್, ಕೋಲಿಯಸ್, ದೊಡ್ಡಪತ್ರೆಗೆ ಹೊರಗಿನ ಯಾವ ಪುಡಿಯೂ ಬೇಡ. ಗುಲಾಬಿಯಂಥ ಗಟ್ಟಿ ಕಡ್ಡಿಗೆ ಪುಡಿಯಿಂದ ಸಹಾಯವಾಗುತ್ತದೆ. ಅದೂ ತುದಿಗೆ ಅಂಟುವಷ್ಟು ಮಾತ್ರ; ಹೆಚ್ಚಾದರೆ ಬೇರನ್ನೇ ತಡೆಯುತ್ತದೆ.

ಜೇನುತುಪ್ಪಕ್ಕೆ ಬ್ಯಾಕ್ಟೀರಿಯಾವನ್ನು, ಚಕ್ಕೆಗೆ ಬೂಷ್ಟನ್ನು ಸ್ವಲ್ಪ ಮಟ್ಟಿಗೆ ತಡೆಯುವ ಗುಣವಿದೆ. ಬೇರು ಹುಟ್ಟಿಸುವ ಗುಣ ಬೇರೆಯೇ. ಎಳನೀರಿನ ವಿಷಯ ಇನ್ನೂ ಸ್ವಾರಸ್ಯಕರ. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರಿಯ ಭ್ರೂಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ತೆಂಗಿನ ನೀರು ಬಳಸಿ ಯಶಸ್ವಿಯಾದರು. ಅಂಗಾಂಶ ಕೃಷಿಯವರು ಈಗಲೂ ಅದನ್ನು ಬಳಸುತ್ತಾರೆ. ಆದರೆ ಅದರಲ್ಲಿ ಎದ್ದು ಕಾಣುವುದು ಸೈಟೊಕೈನಿನ್ ಗುಂಪಿನ ಹಾರ್ಮೋನುಗಳು. ಆಕ್ಸಿನ್ ಮೇಲುಗೈಯಾದರೆ ಬೇರು, ಸೈಟೊಕೈನಿನ್ ಮೇಲುಗೈಯಾದರೆ ಚಿಗುರು ಎಂದು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿಕೊಟ್ಟರು. ಸಾಲದ್ದಕ್ಕೆ ಎಳನೀರಿನಲ್ಲಿ ಸಕ್ಕರೆಯಿದೆ. ಪ್ರಯೋಗಾಲಯದ ಶುದ್ಧ ಬಾಟಲಿಯಲ್ಲಿ ಅದು ಆಹಾರ, ಅಡುಗೆಮನೆಯ ಲೋಟದಲ್ಲಿ ಎರಡೇ ದಿನಕ್ಕೆ ಹುಳಿ. ಎಳನೀರು ನೀವೇ ಕುಡಿಯಿರಿ, ಕಡ್ಡಿಗೆ ನಲ್ಲಿ ನೀರು ಸಾಕು.

ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಡುವ ವಿಡಿಯೊಗಳಂತೂ ಲೆಕ್ಕವಿಲ್ಲದಷ್ಟು. ಆಲೂಗಡ್ಡೆ ಮಣ್ಣಿನೊಳಗೆ ಕೊಳೆತು ಕಡ್ಡಿಯ ಬುಡವನ್ನೂ ಕೊಳೆಸುತ್ತದೆ, ಇಲ್ಲವೇ ತಾನೇ ಮೊಳೆತು ಆಲೂಗಡ್ಡೆ ಗಿಡವಾಗುತ್ತದೆ.

ಹಳಬರು ಹೇಳಿದ್ದೆಲ್ಲ ತಪ್ಪೆಂದು ಯಾರೂ ತಿಳಿಯಬಾರದು. ನೆಟ್ಟ ಗುಲಾಬಿ ಕಡ್ಡಿಯ ಮೇಲ್ತುದಿಗೆ ಸಗಣಿಯ ಚಿಕ್ಕ ಉಂಡೆ ಮೆತ್ತುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಕತ್ತರಿಸಿದ ತುದಿಯಿಂದ ತೇವ ಆರಿ ಕಡ್ಡಿ ಮೇಲಿನಿಂದ ಒಣಗುತ್ತ ಬರುವುದನ್ನು ಅದು ತಡೆಯುತ್ತದೆ. ನರ್ಸರಿಯವರು ಮೇಣ ಹಚ್ಚುವುದೂ ಅದಕ್ಕೇ.

ತಪ್ಪು ಕಲ್ಪನೆ: ಸ್ನೇಕ್ ಪ್ಲಾಂಟಿನ ಎಲೆ ನೆಟ್ಟರೆ ತಾಯಿಗಿಡದಂಥದ್ದೇ ಮರಿ ಬರುತ್ತದೆ.

ವಾಸ್ತವ: ಹಸಿರು ಜಾತಿಯಾದರೆ ಹೌದು. ಎಲೆಯ ಎರಡೂ ಅಂಚಿನಲ್ಲಿ ಹಳದಿ ಪಟ್ಟಿಯಿರುವ ಲಾರೆಂಟಿ ತಳಿಯಾದರೆ ಆ ಪಟ್ಟಿ ಮಾಯವಾಗಿ ಬರೀ ಹಸಿರು ಮರಿ ಬರುತ್ತದೆ. ಆ ಗಿಡದಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿಕೊಂಡಿವೆ; ಅಂಚಿನ ಪದರಕ್ಕೆ ಹಸಿರು ತಯಾರಿಸಲು ಬಾರದು. ಎಲೆಯ ತುಂಡಿನಲ್ಲಿ ಹೊಸ ಮೊಗ್ಗು ಹುಟ್ಟುವುದು ಒಳಗಿನ ಹಸಿರು ಕೋಶಗಳಿಂದ. ಹೀಗಾದಾಗ ಮಣ್ಣು ಕೆಟ್ಟಿತೆಂದೋ ಗೊಬ್ಬರ ಸಾಲದೆಂದೋ ಕೊರಗಬೇಕಿಲ್ಲ. ಪಟ್ಟಿ ಉಳಿಯಬೇಕಾದರೆ ಕುಂಡದಿಂದ ಗಿಡ ಎತ್ತಿ, ಮಣ್ಣಿನೊಳಗಿನ ಗೆಡ್ಡೆಕಾಂಡವನ್ನು ಮರಿಯ ಸಮೇತ ಬೇರ್ಪಡಿಸಿ ನೆಡಬೇಕು.

ಎಲೆಯನ್ನೇ ನೆಡುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಉದ್ದನೆಯ ಎಲೆಯನ್ನು ನಾಲ್ಕು ತುಂಡು ಮಾಡಿದ ಮೇಲೆ ಯಾವುದು ಮೇಲು, ಯಾವುದು ಕೆಳಗು ಎಂದು ಗುರುತು ಸಿಗುವುದಿಲ್ಲ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡುವುದಿಲ್ಲ. ಕತ್ತರಿಸುವಾಗಲೇ ಪ್ರತಿ ತುಂಡಿನ ಬುಡದ ಕಡೆ ಮೂಲೆಯಲ್ಲಿ ಸಣ್ಣ ಕಚ್ಚು ಹಾಕಿಟ್ಟುಕೊಂಡರೆ ಗೊಂದಲವಿಲ್ಲ.

ತಪ್ಪು ಕಲ್ಪನೆ: ಮುಟ್ಟಾದ ಹೆಂಗಸರು ಮುಟ್ಟಿದರೆ ತುಳಸಿ, ಮಲ್ಲಿಗೆ ಬಾಡುತ್ತವೆ, ಕೆಲವರ ಕೈಗುಣಕ್ಕೆ ಗಿಡ ಬದುಕುವುದೇ ಇಲ್ಲ.

ವಾಸ್ತವ: ಬಾಡುವುದಿಲ್ಲ. ಈ ಮಾತು ನಮ್ಮ ಮನೆಗಳಲ್ಲಿ ಮಾತ್ರ ಇದ್ದದ್ದಲ್ಲ. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾಗಿದ್ದ ಕೆಲಸದ ಹೆಂಗಸೊಬ್ಬಳ ಕೈಯಲ್ಲಿ ಹೂಗಳು ಬೇಗ ಬಾಡಿದವೆಂದು ಬರೆದು, ಮುಟ್ಟಿನಲ್ಲಿ ವಿಷವಿದೆ ಎಂಬ ವಾದವನ್ನೇ ಹೂಡಿದ. ಅಂಥ ವಿಷವಿದೆ ಎಂಬುದು ಕೊನೆಗೂ ಸಾಬೀತಾಗಲಿಲ್ಲ. ಬೇಕಾದರೆ ನಮ್ಮ ನರ್ಸರಿಗಳಿಗೇ ಹೋಗಿ ನೋಡಿ. ಚಪ್ಪರದಡಿ ಸಾಲಾಗಿ ಕೂತು ಪಾಲಿಥೀನ್ ಚೀಲಗಳಿಗೆ ಕಡ್ಡಿ ಚುಚ್ಚುವವರಲ್ಲಿ ಹೆಂಗಸರೇ ಹೆಚ್ಚು. ತಿಂಗಳ ಎಲ್ಲ ದಿನವೂ ಅವರ ಕೈ ಗಿಡದ ಮೇಲಿರುತ್ತದೆ, ಆ ಗಿಡಗಳನ್ನೇ ನಾವು ದುಡ್ಡು ಕೊಟ್ಟು ತರುತ್ತೇವೆ.

ತುಳಸಿ ಬಾಡುವುದಕ್ಕೆ ಬೇರೆ ಕಾರಣಗಳಿವೆ. ಕದಿರು ಬಿಟ್ಟು ಬೀಜ ಕಟ್ಟಿದ ಮೇಲೆ ಅದು ಸೊರಗುತ್ತದೆ, ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ. ಪೂಜೆಯ ನೀರು ಬುಡದಲ್ಲಿ ನಿಂತರೆ ಕೊಳೆಯುತ್ತದೆ. ಕದಿರನ್ನು ಆಗಾಗ ಚಿವುಟಿ ತೆಗೆಯಿರಿ. ಹೂ ಬಿಡದ ಎಳೆಯ ಕುಡಿಯೊಂದನ್ನು ನೀರಿಗಿಟ್ಟರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಕೈಗುಣ ಒಳ್ಳೆಯದೆಂದು ಹೆಸರಾದವರ ಕೆಲಸವನ್ನು ಗಮನಿಸಿ ನೋಡಿದ್ದೇನೆ. ಅವರು ಹರಿತವಾದ, ಶುಚಿಯಾದ ಕತ್ತರಿ ಬಳಸುತ್ತಾರೆ, ಗೆಣ್ಣು ನೋಡಿ ಕತ್ತರಿಸುತ್ತಾರೆ, ಒಂದರ ಬದಲು ನಾಲ್ಕು ಕಡ್ಡಿ ನೆಡುತ್ತಾರೆ. ಗಿಡ ಸತ್ತ ಮನೆಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ಕೈಯೇ ಸರಿಯಿಲ್ಲವೆಂದು ನೊಂದುಕೊಳ್ಳುವುದು ಇನ್ನಾದರೂ ನಿಲ್ಲಬೇಕು.

ತಪ್ಪು ಕಲ್ಪನೆ: ದಿನಾ ನೀರು ಹಾಕಬೇಕು, ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ನಿಲ್ಲುವುದಿಲ್ಲ.

ವಾಸ್ತವ: ಬೇರಿಗೂ ಉಸಿರಾಟವಿದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಆಮೇಲೆ ಪೀಥಿಯಂನಂಥ ಕೊಳೆರೋಗಾಣುಗಳು ನುಗ್ಗುತ್ತವೆ. ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಜೋತುಬೀಳುತ್ತದೆ. ಅದನ್ನು ಕಂಡು ಇನ್ನೊಂದು ಚೊಂಬು ನೀರು ಸುರಿಯುವವರು ಬಹಳ. ಬೆರಳನ್ನು ಒಂದು ಇಂಚು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಜಲ್ಲಿಯ ವಿಷಯದಲ್ಲಿ ಆಗುವುದು ಅಂದುಕೊಂಡದ್ದಕ್ಕೆ ವಿರುದ್ಧ. ಸಣ್ಣ ಸಂದುಗಳ ಮಣ್ಣು, ಒದ್ದೆ ಸ್ಪಂಜಿನ ಹಾಗೆ, ತಾನು ಪೂರ್ತಿ ನೆನೆಯುವ ತನಕ ಕೆಳಗಿನ ದೊಡ್ಡ ಸಂದುಗಳಿಗೆ ನೀರು ಬಿಟ್ಟುಕೊಡುವುದಿಲ್ಲ. ಜಲ್ಲಿಯ ಮೇಲೇ ಒದ್ದೆ ಪದರವೊಂದು ನಿಲ್ಲುತ್ತದೆ, ಬೇರಿಗೆ ಉಳಿಯುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಇಡಿ, ಸಾಕು. ನೀರು ಬಸಿಯಬೇಕಾದರೆ ಮಣ್ಣಿಗೇ ದಪ್ಪ ಮರಳು, ತೆಂಗಿನ ನಾರಿನ ಪುಡಿ ಬೆರೆಸಬೇಕು. ಜೇಡ್ ಗಿಡ, ಕಳ್ಳಿಯಂಥ ರಸಭರಿತ ತುಂಡುಗಳನ್ನಂತೂ ಕತ್ತರಿಸಿದ ಕೂಡಲೇ ನೆಡಬಾರದು. ಕೆಲವು ದಿನ ನೆರಳಿನಲ್ಲಿ ಬಿಟ್ಟು, ಗಾಯ ಒಣಗಿ ಪೊರೆ ಕಟ್ಟಿದ ಮೇಲೆ ನೆಟ್ಟರೆ ಕೊಳೆಯುವುದಿಲ್ಲ.

ತಪ್ಪು ಕಲ್ಪನೆ: ಇಂಡೋರ್ ಗಿಡಕ್ಕೆ ಬೆಳಕು ಬೇಡ.

ವಾಸ್ತವ: ನೇರ ಬಿಸಿಲು ಬೇಡ, ಬೆಳಕು ಬೇಕೇ ಬೇಕು. ನಡುಮಧ್ಯಾಹ್ನದ ಬಯಲಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ, ಹಜಾರದ ಒಳಮೂಲೆಯಲ್ಲಿ ಕೆಲವು ನೂರು ಮಾತ್ರ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ನಮಗದು ಗೊತ್ತಾಗುವುದಿಲ್ಲ. ಬೇರು ಬಿಡುತ್ತಿರುವ ತುಂಡನ್ನು ಪೂರ್ವದ ಕಿಟಕಿಯ ಬಳಿ ಇಡಿ.

ತಪ್ಪು ಕಲ್ಪನೆ: ಬಾಟಲಿಯ ಮನಿ ಪ್ಲಾಂಟಿಗೆ ನೀರು ಕಡಿಮೆಯಾದಾಗ ತುಂಬಿಸಿದರೆ ಸಾಕು.

ವಾಸ್ತವ: ಗಿಡಕ್ಕೆ ಸಾಕಾಗಬಹುದು, ಮನೆಯವರಿಗೆ ಅದು ಅಪಾಯ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರಿಗಿಂತ ಮನೆಯೊಳಗಿನ ಇಂಥ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಬದಲಿಸಿ ಎನ್ನುವುದು. ಬರೀ ನೀರು ಚೆಲ್ಲಿ ಹೊಸದು ತುಂಬಿದರೆ ಅರ್ಧ ಕೆಲಸವಾದಂತೆ. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಬಾಟಲಿಯ ಒಳಗೋಡೆಗೆ ಅಂಟಿಸಿ. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಹಾಗೇ ಇದ್ದು, ನೀರು ತಾಗಿದಾಗ ಒಡೆಯುತ್ತದೆ. ಬಾಟಲಿಯೊಳಕ್ಕೆ ಬ್ರಷ್ ಹಾಕಿ ಉಜ್ಜಬೇಕು, ಬೇರಿನ ಲೋಳೆಯನ್ನೂ ತೊಳೆಯಬೇಕು. ಕುತ್ತಿಗೆಗೆ ಹತ್ತಿಯನ್ನೋ ತೆಳು ಬಟ್ಟೆಯನ್ನೋ ತುರುಕಿದರೆ ಸೊಳ್ಳೆ ಒಳಗಿಳಿಯದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೂ ದಂಡ ಹಾಕುವ ನಿಯಮ ತಂದಿತು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿಗೂ ಈ ಎಚ್ಚರ ಬೇಕು.

ಬೇರು ಎರಡು ಇಂಚು ಬಂದ ಮೇಲೆ ಬಾಟಲಿಯಿಂದ ಮಣ್ಣಿಗೆ ಬದಲಿಸಿಬಿಡುವುದು ಇನ್ನೂ ಒಳ್ಳೆಯದು. ತಡಮಾಡಿದಷ್ಟೂ ಕಷ್ಟ. ನೀರಿನಲ್ಲಿ ಹುಟ್ಟಿದ ಬೇರು ಮೆದು, ಅದಕ್ಕೆ ಮಣ್ಣಿನಿಂದ ನೀರೆಳೆಯುವ ರೋಮಗಳು ಕಡಿಮೆ. ಹಾಗಾಗಿ ಬದಲಿಸಿದ ಮೊದಲ ಹತ್ತು ದಿನ ಮಣ್ಣನ್ನು ಪೂರ್ತಿ ಒಣಗಲು ಬಿಡಬೇಡಿ, ನೆರಳಿನಲ್ಲೇ ಇಡಿ. ಒಂದೆರಡು ಎಲೆ ಹಳದಿಯಾದರೆ ಗಾಬರಿ ಬೇಡ. ಹೊಸ ಎಲೆ ಬಿಚ್ಚಿಕೊಂಡ ಮೇಲೆ ಮೇಲ್ಮಣ್ಣು ಒಣಗಿದಾಗಷ್ಟೇ ನೀರು ಹಾಕಿ. ಆ ಹೊತ್ತಿಗೆ ಬಳ್ಳಿಯ ತುದಿಯಲ್ಲಿ ಇನ್ನೆರಡು ಗೆಣ್ಣು ಬಂದಿರುತ್ತವೆ, ಕೇಳಿ ಬಂದವರಿಗೆ ಕತ್ತರಿಸಿ ಕೊಡಬಹುದು.